ಎಸೆತ ಎಣಿಸಿದರೆ ಸಾಲದು

2025ರ ಆಗಸ್ಟ್ 4, ಲಂಡನ್ನಿನ ಓವಲ್ ಮೈದಾನ. ಮೊಹಮ್ಮದ್ ಸಿರಾಜ್ ಹಾಕಿದ ಯಾರ್ಕರ್ ಗಸ್ ಅಟ್ಕಿನ್ಸನ್ ಅವರ ಆಫ್‌ಸ್ಟಂಪ್ ಉರುಳಿಸಿತು. ಭಾರತ 6 ರನ್‌ಗಳಿಂದ ಗೆದ್ದು ಇಂಗ್ಲೆಂಡ್ ವಿರುದ್ಧದ ಸರಣಿಯನ್ನು 2–2ರಲ್ಲಿ ಸಮ ಮಾಡಿಕೊಂಡಿತು. ಐದೂ ಟೆಸ್ಟ್ ಆಡಿದ ಸಿರಾಜ್ 185.3 ಓವರ್, ಅಂದರೆ 1,113 ಎಸೆತ ಹಾಕಿ 23 ವಿಕೆಟ್ ಪಡೆದಿದ್ದರು. ಜಸ್‌ಪ್ರೀತ್ ಬುಮ್ರಾ ಆಡಿದ್ದು ಮೂರೇ ಟೆಸ್ಟ್, ಅದೂ ಪ್ರವಾಸಕ್ಕೆ ಮೊದಲೇ ತಿಳಿಸಿದ್ದಂತೆ. ಒಬ್ಬ ವೇಗಿ ಇಷ್ಟು ಎಸೆದು ಗೆಲ್ಲಿಸಬಹುದಾದರೆ ಇನ್ನೊಬ್ಬರಿಗೆ ವಿಶ್ರಾಂತಿ ಏಕೆ ಎಂಬ ಪ್ರಶ್ನೆ ಆ ಸಂಜೆಯೇ ಎದ್ದಿತು. ವರ್ಕ್‌ಲೋಡ್ ಎಂಬ ಪದವೇ ಭಾರತೀಯ ಕ್ರಿಕೆಟ್‌ನ ನಿಘಂಟಿನಿಂದ ಹೋಗಲಿ ಎಂಬರ್ಥದಲ್ಲಿ ಸುನಿಲ್ ಗವಾಸ್ಕರ್ ಮಾತಾಡಿದರು.

ಆ ಗೆಲುವಿನ ಬಿಸಿಯಲ್ಲಿ ಅಂಥ ಮಾತು ಬರುವುದು ಸಹಜ. ಆದರೆ ಅದಕ್ಕೆ ಏಳು ತಿಂಗಳ ಹಿಂದೆ ಸಿಡ್ನಿಯಲ್ಲಿ ಏನಾಯಿತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆಸ್ಟ್ರೇಲಿಯ ವಿರುದ್ಧದ ಆ ಸರಣಿಯಲ್ಲಿ ಬುಮ್ರಾ 151.2 ಓವರ್ ಹಾಕಿ 32 ವಿಕೆಟ್ ಕಿತ್ತಿದ್ದರು. ಮೆಲ್ಬರ್ನ್ ಟೆಸ್ಟ್ ಒಂದರಲ್ಲೇ 53.2 ಓವರ್. ಅದು ಮುಗಿದು ಒಂದು ವಾರ ತುಂಬುವ ಮೊದಲೇ, ಸಿಡ್ನಿ ಟೆಸ್ಟ್‌ನ ಎರಡನೇ ದಿನ ಬೆನ್ನು ಹಿಡಿದು ಅವರು ಮೈದಾನ ಬಿಟ್ಟು ಸ್ಕ್ಯಾನಿಂಗ್‌ಗೆ ಹೋದರು. ಕೊನೆಯ ಇನಿಂಗ್ಸ್‌ನಲ್ಲಿ ಒಂದು ಎಸೆತವನ್ನೂ ಹಾಕಲಾಗಲಿಲ್ಲ. ಮುಂದೆ ಚಾಂಪಿಯನ್ಸ್ ಟ್ರೋಫಿಯೂ ತಪ್ಪಿತು. 2023ರಲ್ಲಿ ಶಸ್ತ್ರಚಿಕಿತ್ಸೆ ಆಗಿದ್ದ ಬೆನ್ನು ಅದು.

ಇಬ್ಬರು ವೇಗಿಗಳು, ಎರಡು ಸರಣಿ. ಹೆಚ್ಚು ಎಸೆದವರು ಕೊನೆಯ ದಿನವೂ ಓಡಿಬಂದರು, ಕಡಿಮೆ ಎಸೆದವರ ಬೆನ್ನು ಹಿಡಿಯಿತು. ಇದರಿಂದ ವರ್ಕ್‌ಲೋಡ್ ಎಂಬುದೇ ಸುಳ್ಳು ಎಂದು ತೀರ್ಮಾನಿಸುವವರಿದ್ದಾರೆ. ನನ್ನ ಪ್ರಕಾರ ಇದು ಹೇಳುವುದು ಬೇರೆಯದೇ ವಿಷಯವನ್ನು: ಎಸೆತದ ಲೆಕ್ಕ ಭಾರದ ಅರ್ಧ ಲೆಕ್ಕ ಮಾತ್ರ. ಉಳಿದರ್ಧವನ್ನು ಅಳೆಯಲು ಕ್ರೀಡಾ ವಿಜ್ಞಾನಿಗಳು ಏಳು ದಶಕಗಳಿಂದ ಪಟ್ಟ ಶ್ರಮ ನಮ್ಮ ಮೈದಾನಗಳಿಗೆ ಸರಿಯಾಗಿ ತಲುಪಿಲ್ಲ.

ಹೊರಗಿನ ಭಾರ, ಒಳಗಿನ ಭಾರ

ಎಷ್ಟು ಕಿಲೋಮೀಟರ್ ಓಡಿದ, ಎಷ್ಟು ಎಸೆದ, ಎಷ್ಟು ಕಿಲೋ ಎತ್ತಿದ ಎಂಬುದೆಲ್ಲ ಹೊರಗಿನ ಭಾರ. ಪಕ್ಕದಲ್ಲಿ ನಿಂತವರು ಎಣಿಸಬಹುದು. ಆ ಕೆಲಸಕ್ಕೆ ದೇಹ ತೆತ್ತ ಬೆಲೆ ಒಳಗಿನ ಭಾರ: ಎದೆಬಡಿತ ಎಷ್ಟಕ್ಕೇರಿತು, ರಕ್ತದಲ್ಲಿ ಲ್ಯಾಕ್ಟೇಟ್ ಎಷ್ಟು ಸೇರಿತು, ಆಟಗಾರನಿಗೆ ಎಷ್ಟು ಕಷ್ಟವೆನಿಸಿತು ಎಂಬುದು. ಇಟಲಿಯ ಫ್ರಾಂಕೊ ಇಂಪೆಲಿಜೆರಿ ಮತ್ತು ಸಂಗಡಿಗರು 2000ದ ದಶಕದಲ್ಲಿ ಫುಟ್‌ಬಾಲ್ ಆಟಗಾರರನ್ನು ಅಧ್ಯಯನ ಮಾಡುತ್ತ ಈ ವ್ಯತ್ಯಾಸವನ್ನು ಒತ್ತಿ ಹೇಳಿದರು. ಕೋಚ್ ಬರೆದುಕೊಡುವುದು ಹೊರಗಿನ ಭಾರವನ್ನು. ದೇಹ ಬದಲಾಗುವುದು, ಬಲಿಯುವುದು, ಮುರಿಯುವುದು ಒಳಗಿನ ಭಾರದಿಂದ. ಇಡೀ ತಂಡಕ್ಕೆ ಒಂದೇ ಅಭ್ಯಾಸ ಕೊಟ್ಟರೂ ಹನ್ನೊಂದು ಮಂದಿಗೆ ಹನ್ನೊಂದು ಭಾರ ಬೀಳುವುದು ಹೀಗೆ.

ಒಳಗಿನ ಭಾರಕ್ಕೆ ಮೊದಲ ಕಿಟಕಿ ಎದೆಬಡಿತ. ಫಿನ್ಲೆಂಡಿನ ಮಾರ್ಟಿ ಕಾರ್ವೊನೆನ್ 1957ರಲ್ಲಿ ಕೆಲವೇ ಯುವಕರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದು ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಎದೆಬಡಿತವನ್ನು ಸೊನ್ನೆಯಿಂದ ಎಣಿಸಬಾರದು, ವಿಶ್ರಾಂತಿಯ ಬಡಿತದಿಂದ ಎಣಿಸಬೇಕು ಎಂಬುದು ಅದರ ತಿರುಳು. ಗರಿಷ್ಠ ಬಡಿತದಿಂದ ವಿಶ್ರಾಂತಿಯ ಬಡಿತ ಕಳೆದರೆ ಸಿಗುವುದೇ ಮೀಸಲು. ಆ ಮೀಸಲಿನಲ್ಲಿ ಶೇಕಡಾ ಎಷ್ಟನ್ನು ಬಳಸಿದಿರಿ ಎಂಬುದು ವ್ಯಾಯಾಮದ ತೀವ್ರತೆ. ಶೇ 60ರ ಆಸುಪಾಸು ದಾಟದ ಓಟದಿಂದ ಆ ಯುವಕರ ಹೃದಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಲೆಕ್ಕ ಸುಲಭ. ಒಬ್ಬಳ ವಿಶ್ರಾಂತಿಯ ಬಡಿತ 50, ಗರಿಷ್ಠ 190 ಎನ್ನಿ, ಮೀಸಲು 140. ಇನ್ನೊಬ್ಬಳದು 75 ಮತ್ತು 165, ಮೀಸಲು 90. ಇಬ್ಬರೂ ಜೊತೆಯಾಗಿ ಓಡುತ್ತ ಇಬ್ಬರ ಗಡಿಯಾರವೂ 140 ತೋರಿಸುತ್ತಿದ್ದರೆ ಮೊದಲನೆಯವಳು ಮೀಸಲಿನ ಶೇ 64ರಲ್ಲಿದ್ದಾಳೆ, ಎರಡನೆಯವಳು ಶೇ 72ರಲ್ಲಿ. ಮೊದಲನೆಯವಳು ಮಾತಾಡಿಕೊಂಡೇ ಓಡಿದರೆ ಎರಡನೆಯವಳಿಗೆ ಮಾತು ತುಂಡಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು, ಏಕೆಂದರೆ ಜಿಮ್ಮಿನ ಗೋಡೆಯಿಂದ ಹಿಡಿದು ಕೈಗಡಿಯಾರದವರೆಗೆ ಎಲ್ಲೆಡೆ ಇರುವ ಸೂತ್ರ ‘220ರಿಂದ ವಯಸ್ಸು ಕಳೆಯಿರಿ’ ಎಂಬುದು. 1971ರಲ್ಲಿ ಸ್ಯಾಮ್ಯುಯೆಲ್ ಫಾಕ್ಸ್, ವಿಲಿಯಂ ಹ್ಯಾಸ್ಕೆಲ್ ಮತ್ತಿತರರು ಅದಾಗಲೇ ಇದ್ದ ಅಂಕಿಅಂಶಗಳನ್ನು ಒಟ್ಟುಗೂಡಿಸಿ ಎಳೆದ ಸ್ಥೂಲ ಗೆರೆ ಅದು. ಅದನ್ನೇ ಪರೀಕ್ಷಿಸಲೆಂದು ನಡೆಸಿದ ಪ್ರಯೋಗದಿಂದ ಹುಟ್ಟಿದ್ದಲ್ಲ. ಹಿರೋಫುಮಿ ತನಾಕ ಮತ್ತು ಸಂಗಡಿಗರು 2001ರಲ್ಲಿ 208ರಿಂದ ವಯಸ್ಸಿನ 0.7 ಪಟ್ಟನ್ನು ಕಳೆಯುವ ಸೂತ್ರ ಕೊಟ್ಟರು. 40ರ ವಯಸ್ಸಿನಲ್ಲಿ ಎರಡೂ 180 ಎನ್ನುತ್ತವೆ, 60ಕ್ಕೆ ಬರುವ ಹೊತ್ತಿಗೆ ಒಂದು 160, ಇನ್ನೊಂದು 166. ಯಾವ ಸೂತ್ರ ಹಿಡಿದರೂ ಒಬ್ಬ ವ್ಯಕ್ತಿಯ ನಿಜವಾದ ಗರಿಷ್ಠ ಬಡಿತ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ತೀರಾ ಸಾಮಾನ್ಯ. ಗರಿಷ್ಠವೇ ತಪ್ಪಿದರೆ ಮೇಲಿನ ಲೆಕ್ಕವೆಲ್ಲ ತಪ್ಪುತ್ತದೆ.

ಟ್ರಿಂಪ್ ಹುಟ್ಟಿದ ಬಗೆ

ತೀವ್ರತೆ ಸಿಕ್ಕಿತು. ಆದರೆ ತೀವ್ರತೆಯೊಂದೇ ಭಾರವಲ್ಲ, ಎಷ್ಟು ಹೊತ್ತು ಎಂಬುದೂ ಸೇರಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿರುವ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಎರಿಕ್ ಬ್ಯಾನಿಸ್ಟರ್ ಎದುರಿಗೆ ಇದ್ದದ್ದು ಈ ಪ್ರಶ್ನೆ. ಒಬ್ಬ ಈಜುಗಾರನ ಅಭ್ಯಾಸ ಮತ್ತು ಸಾಧನೆಯನ್ನು ದಿನದಿನವೂ ದಾಖಲಿಸಿ, ಎಂಜಿನಿಯರುಗಳು ಯಂತ್ರವ್ಯವಸ್ಥೆಯನ್ನು ಗಣಿತದಲ್ಲಿ ಬರೆಯುವಂತೆ ದೇಹವನ್ನೂ ಬರೆಯಬಹುದೇ ಎಂದು ಅವರು ಮತ್ತು ಸಂಗಡಿಗರು 1975–76ರಲ್ಲಿ ಪ್ರಯತ್ನಿಸಿದರು. ಅಭ್ಯಾಸದ ಒಂದು ಅವಧಿಯನ್ನು ಒಂದೇ ಸಂಖ್ಯೆಗೆ ಇಳಿಸುವ ಅಳತೆಗೆ ಟ್ರೈನಿಂಗ್ ಇಂಪಲ್ಸ್ ಎಂಬ ಹೆಸರು ಬಂತು. ಮೈದಾನದ ಮಾತಿನಲ್ಲಿ ಟ್ರಿಂಪ್.

ನಿಮಿಷಗಳನ್ನು ಮೀಸಲಿನ ಪ್ರಮಾಣದಿಂದ ಗುಣಿಸಿದರೆ ಮುಗಿಯಿತು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಹಾಗೆ ಮಾಡಿದರೆ ನಾಲ್ಕು ಗಂಟೆ ನಡೆದವನು ಒಂದು ಗಂಟೆ ಉಸಿರು ಬಿಗಿಹಿಡಿದು ಓಡಿದವನಿಗಿಂತ ಹೆಚ್ಚು ಭಾರ ಹೊತ್ತಂತೆ ಕಾಣುತ್ತದೆ. ವೇಗ ಏರಿದಂತೆ ರಕ್ತದ ಲ್ಯಾಕ್ಟೇಟ್ ನೇರ ಗೆರೆಯಲ್ಲಿ ಏರುವುದಿಲ್ಲ, ಒಂದು ಹಂತದ ನಂತರ ಕಡಿದಾಗಿ ಮೇಲೇಳುತ್ತದೆ. ಆ ಏರಿಕೆಯನ್ನು ಹೋಲುವ ಘಾತೀಯ ತೂಕವನ್ನು ಮುಂದಿನ ವರ್ಷಗಳಲ್ಲಿ ಸೂತ್ರಕ್ಕೆ ಸೇರಿಸಿದರು. ಗಂಡಸರಿಗೆ ಅದು ಹೀಗೆ: ನಿಮಿಷಗಳು, ಗುಣಿಸು ಮೀಸಲಿನ ಪ್ರಮಾಣ, ಗುಣಿಸು 0.64, ಗುಣಿಸು ‘ಇ’ ಎಂಬ ಸ್ಥಿರಾಂಕದ 1.92 ಪಟ್ಟು ಪ್ರಮಾಣದ ಘಾತ. ಹೆಂಗಸರಿಗೆ 0.86 ಮತ್ತು 1.67.

ಸಂಖ್ಯೆ ಹಾಕಿ ನೋಡಿದರೆ ಇದರ ಕಸುವು ತಿಳಿಯುತ್ತದೆ. ವಿಶ್ರಾಂತಿ 50, ಗರಿಷ್ಠ 190 ಇರುವ ಓಟಗಾರ 120ರ ಬಡಿತದಲ್ಲಿ ಒಂದು ಗಂಟೆ ಓಡಿದರೆ ಟ್ರಿಂಪ್ ಸುಮಾರು 50. ಅದೇ ಒಂದು ಗಂಟೆ 148ರಲ್ಲಿ ಓಡಿದರೆ 103. ಬಡಿತ ಏರಿದ್ದು 28, ಭಾರ ದುಪ್ಪಟ್ಟು. 176ರಲ್ಲಿ ಕೇವಲ 20 ನಿಮಿಷ ಓಡಿದರೂ 65 ಬರುತ್ತದೆ, ಗಂಟೆಯಿಡೀ ನಿಧಾನವಾಗಿ ಓಡಿದ್ದಕ್ಕಿಂತ ಹೆಚ್ಚು.

ಬ್ಯಾನಿಸ್ಟರ್ ಇಷ್ಟಕ್ಕೇ ನಿಂತಿದ್ದರೆ ಅದೊಂದು ಅಳತೆಗೋಲಾಗಿ ಉಳಿಯುತ್ತಿತ್ತು. ಪ್ರತಿ ಅಭ್ಯಾಸವೂ ದೇಹದಲ್ಲಿ ಎರಡು ಗುರುತು ಬಿಡುತ್ತದೆ ಎಂದದ್ದು ಅವರ ನಿಜವಾದ ಒಳನೋಟ. ಒಂದು ಸಾಮರ್ಥ್ಯ, ಇನ್ನೊಂದು ದಣಿವು. ಎರಡೂ ಒಟ್ಟಿಗೆ ಹುಟ್ಟುತ್ತವೆ, ಎರಡೂ ದಿನ ಕಳೆದಂತೆ ಕರಗುತ್ತವೆ, ಆದರೆ ಬೇರೆ ಬೇರೆ ವೇಗದಲ್ಲಿ. 1990ರಲ್ಲಿ ಮಾರ್ಟನ್, ಫಿಟ್ಜ್‌ಕ್ಲಾರ್ಕ್ ಮತ್ತು ಬ್ಯಾನಿಸ್ಟರ್ ಓಟಗಾರರಿಗೆ ಈ ಮಾದರಿಯನ್ನು ಹೊಂದಿಸಿದಾಗ ಆರಂಭಕ್ಕೆ ಇಟ್ಟುಕೊಂಡ ಬೆಲೆಗಳು ಪ್ರಸಿದ್ಧವಾದವು: ಸಾಮರ್ಥ್ಯ ಕರಗುವ ಕಾಲಮಾನ 45 ದಿನ, ದಣಿವಿನದು 15 ದಿನ, ಆದರೆ ಆರಂಭದಲ್ಲಿ ದಣಿವಿನ ತೂಕ ಸಾಮರ್ಥ್ಯದ ದುಪ್ಪಟ್ಟು. ಇವನ್ನೇ ಹಿಡಿದು ಲೆಕ್ಕ ಹಾಕಿದರೆ, ಇಂದು ಮಾಡಿದ ಕಠಿಣ ಅಭ್ಯಾಸ ನಿಮ್ಮನ್ನು ಸುಮಾರು ಎರಡು ವಾರ ಹಿಂದಕ್ಕೇ ಎಳೆಯುತ್ತದೆ. ಹದಿನಾರನೆಯ ದಿನದ ಹೊತ್ತಿಗೆ ಲಾಭ ಶುರು. ಸ್ಪರ್ಧೆಗೆ ಎರಡು ವಾರ ಇರುವಾಗ ಅಭ್ಯಾಸ ಇಳಿಸಬೇಕು ಎಂದು ಹಳೆಯ ಕೋಚ್‌ಗಳು ಅನುಭವದಿಂದ ಹೇಳುತ್ತಿದ್ದುದಕ್ಕೆ ಗಣಿತದ ಆಧಾರ ಸಿಕ್ಕಿತು. ಈ ಬೆಲೆಗಳು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತವೆ ನಿಜ. ಆದರೂ ಕೊನೆಯ ವಾರದಲ್ಲಿ ‘ಇನ್ನೂ ಸ್ವಲ್ಪ’ ಎಂದು ಮಕ್ಕಳನ್ನು ಓಡಿಸುವ ನಮ್ಮ ಅಭ್ಯಾಸ ಶಿಬಿರಗಳು ಇದೊಂದನ್ನು ಕೇಳಿಸಿಕೊಂಡರೂ ಸಾಕು ಎಂದು ನನಗೆ ಅನಿಸುತ್ತದೆ.

ಇದೇ ಮಾದರಿಯ ಮಕ್ಕಳು, ಮೊಮ್ಮಕ್ಕಳು ಇಂದು ಎಲ್ಲರ ಮೊಬೈಲಿನಲ್ಲಿವೆ. 1977ರಲ್ಲಿ ಶುರುವಾದ ಫಿನ್ಲೆಂಡಿನ ಪೋಲಾರ್ ಕಂಪನಿ 1980ರ ದಶಕದ ಆರಂಭದಲ್ಲಿ ತಂತಿಯಿಲ್ಲದ ಎದೆಬಡಿತದ ಮಾಪಕವನ್ನು ಮಾರುಕಟ್ಟೆಗೆ ತಂದದ್ದರಿಂದ ಪ್ರಯೋಗಾಲಯದ ಅಳತೆ ರಸ್ತೆಗಿಳಿಯಿತು. ಸೈಕ್ಲಿಂಗ್‌ನಲ್ಲಿ ಪೆಡಲಿನ ಮೇಲೆ ಬೀಳುವ ಶಕ್ತಿಯನ್ನೇ ವಾಟ್‌ಗಳಲ್ಲಿ ಅಳೆಯುವ ಮೀಟರ್ ಬಂದ ಮೇಲೆ ಅಮೆರಿಕದ ಆ್ಯಂಡ್ರ್ಯೂ ಕಾಗನ್ ಟ್ರೈನಿಂಗ್ ಸ್ಟ್ರೆಸ್ ಸ್ಕೋರ್ ಕೊಟ್ಟರು. ಒಂದು ಗಂಟೆ ತಡೆದುಕೊಳ್ಳಬಲ್ಲ ಗರಿಷ್ಠ ಶಕ್ತಿಯಲ್ಲಿ ಒಂದು ಗಂಟೆ ತುಳಿದರೆ ನೂರು ಅಂಕ. ಬ್ಯಾನಿಸ್ಟರ್ ಅವರ ಎರಡು ಗುರುತುಗಳು ಅಲ್ಲಿ 42 ದಿನ ಮತ್ತು 7 ದಿನಗಳ ಸರಾಸರಿಗಳಾದವು.

ಎದೆಬಡಿತಕ್ಕೆ ತನ್ನ ಮಿತಿಗಳಿವೆ. ಮೇ ತಿಂಗಳ ಮಂಗಳೂರಿನ ಸೆಖೆಯಲ್ಲಿ ಬೆವರಿ ನೀರು ಕಡಿಮೆಯಾದರೆ ಅದೇ ವೇಗಕ್ಕೆ ಬಡಿತ ಏರುತ್ತಲೇ ಹೋಗುತ್ತದೆ. ನಿದ್ದೆಗೆಟ್ಟರೂ ಬಡಿತ ಬದಲಾಗಬಹುದು. ಹತ್ತು ಸೆಕೆಂಡಿನ ಸ್ಪ್ರಿಂಟ್‌ನಲ್ಲಿ ಬಡಿತ ಮೇಲೇರುವ ಮೊದಲೇ ಓಟ ಮುಗಿದಿರುತ್ತದೆ. ಭಾರ ಎತ್ತುವ ಅಭ್ಯಾಸದಲ್ಲಂತೂ ಸ್ನಾಯು ಮತ್ತು ಕೀಲುಗಳ ಮೇಲೆ ಬಿದ್ದ ಒತ್ತಡಕ್ಕೂ ಗಡಿಯಾರದ ಸಂಖ್ಯೆಗೂ ಹೊಂದಿಕೆಯೇ ಇರುವುದಿಲ್ಲ.

ಕೇಳಿದರೆ ಹೇಳುತ್ತಾರೆ

ಹಾಗಾದರೆ ಮತ್ತೇನು? ಉತ್ತರ ಯಂತ್ರದಿಂದ ಬರಲಿಲ್ಲ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್, ಶ್ರಮ ಪಡುತ್ತಿರುವವರು ತಮಗಾಗುತ್ತಿರುವ ಕಷ್ಟವನ್ನು ಸಂಖ್ಯೆಯಲ್ಲಿ ಹೇಳುವ ಮಾಪಕ ರೂಪಿಸಿದ್ದರು. ಮೊದಲು 6ರಿಂದ 20ರವರೆಗೆ: ಹತ್ತರಿಂದ ಗುಣಿಸಿದರೆ ಆರೋಗ್ಯವಂತ ಯುವಕನ ಎದೆಬಡಿತಕ್ಕೆ ಹತ್ತಿರ ಬರಲಿ ಎಂಬ ಉದ್ದೇಶ. ಆಮೇಲೆ ಸೊನ್ನೆಯಿಂದ ಹತ್ತರ ಸರಳ ಮಾಪಕ ಬಂತು. ಅಮೆರಿಕದ ವಿಸ್ಕಾನ್ಸಿನ್‌ನ ಕಾರ್ಲ್ ಫಾಸ್ಟರ್ 1990ರ ದಶಕದಲ್ಲಿ ಅದನ್ನು ಮೈದಾನಕ್ಕೆ ತಂದರು. ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ ಕೇಳುವುದು ಒಂದೇ ಪ್ರಶ್ನೆ: ಇವತ್ತಿನ ಅಭ್ಯಾಸ ಎಷ್ಟು ಕಷ್ಟವಾಯಿತು? ಬಂದ ಉತ್ತರವನ್ನು ನಿಮಿಷಗಳಿಂದ ಗುಣಿಸುವುದು. 90 ನಿಮಿಷ, ಕಷ್ಟ 6 ಎಂದರೆ ಭಾರ 540. ಅರ್ಧ ಗಂಟೆ ಕಾಯುವುದಕ್ಕೂ ಕಾರಣವಿದೆ. ಕೊನೆಯಲ್ಲಿ ಓಡಿಸಿದ ಸ್ಪ್ರಿಂಟಿನ ಏದುಸಿರು ಇಳಿಯದಿದ್ದರೆ ಇಡೀ ಅವಧಿಯ ಬದಲು ಆ ಐದು ನಿಮಿಷದ ಉತ್ತರ ಬರುತ್ತದೆ.

ಇಷ್ಟು ಸಾದಾ ವಿಧಾನ ನಂಬಿಕೆಗೆ ಅರ್ಹವೇ ಎಂದು ಅನುಮಾನಿಸಿದವರು ಹಲವರು. ಓಟ, ಸೈಕ್ಲಿಂಗ್, ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಎಲ್ಲದರಲ್ಲೂ ಎದೆಬಡಿತದ ಲೆಕ್ಕದೊಂದಿಗೆ ಹೋಲಿಸಿ ನೋಡಿದಾಗ ಎರಡೂ ಸಾಕಷ್ಟು ಜೊತೆಜೊತೆಯಾಗಿಯೇ ಏರಿಳಿದವು. ಜ್ವರದ ಮುನ್ಸೂಚನೆ, ಪರೀಕ್ಷೆಯ ಆತಂಕ, ಹಾಸ್ಟೆಲಿನ ಅರೆಹೊಟ್ಟೆ ಇವೆಲ್ಲ ಆಟಗಾರ ಹೇಳುವ ಸಂಖ್ಯೆಯಲ್ಲಿ ತಾವಾಗಿಯೇ ಸೇರಿಕೊಳ್ಳುತ್ತವೆ.

ಫಾಸ್ಟರ್ ಇನ್ನೊಂದು ಲೆಕ್ಕವನ್ನೂ ಕೊಟ್ಟರು, ನನಗೆ ಅದು ಈ ಇಡೀ ಶಾಸ್ತ್ರದ ಅತ್ಯಂತ ಉಪಯುಕ್ತ ಭಾಗ. ಇಬ್ಬರು ಹುಡುಗಿಯರು ಒಂದು ವಾರದಲ್ಲಿ ತಲಾ 1,800 ಭಾರ ಹೊತ್ತರು ಎನ್ನಿ. ಒಬ್ಬಳು ಭಾನುವಾರ ಬಿಟ್ಟು ದಿನವೂ 300. ಇನ್ನೊಬ್ಬಳು 500, 100, 450, 100, 550, 100, ಕೊನೆಗೆ ವಿಶ್ರಾಂತಿ. ದಿನದ ಸರಾಸರಿಯನ್ನು ದಿನದಿನದ ಏರಿಳಿತದಿಂದ, ಸಂಖ್ಯಾಶಾಸ್ತ್ರದ ಮಾತಿನಲ್ಲಿ ಮಾನಕ ವಿಚಲನೆಯಿಂದ, ಭಾಗಿಸಿದರೆ ಸಿಗುವುದು ಏಕತಾನತೆ. ಮೊದಲನೆಯವಳಿಗೆ ಅದು ಸುಮಾರು 2.3, ಎರಡನೆಯವಳಿಗೆ 1.1. ವಾರದ ಒಟ್ಟು ಭಾರವನ್ನು ಏಕತಾನತೆಯಿಂದ ಗುಣಿಸಿದರೆ ಬಳಲಿಕೆಯ ಅಂಕ: ಒಬ್ಬಳದು ಸುಮಾರು 4,100, ಇನ್ನೊಬ್ಬಳದು 2,000. ಮಾಡಿದ ಕೆಲಸ ಅಷ್ಟೇ. ಹೀಗೆ ಭಾರವೂ ಏಕತಾನತೆಯೂ ಒಟ್ಟಿಗೆ ಏರಿದ ವಾರಗಳ ಬೆನ್ನಿಗೇ ಆಟಗಾರರು ಶೀತ, ಜ್ವರ ಎಂದು ಮಲಗುವುದು ಫಾಸ್ಟರ್ ದಾಖಲೆಗಳಲ್ಲಿ ಹೆಚ್ಚು ಕಂಡಿತ್ತು.

ಏಕತಾನತೆ ಹುಟ್ಟುವ ಬಗೆಯನ್ನೂ ಅವರೇ ತೋರಿಸಿದರು. ಕೋಚ್ ಮನಸ್ಸಿನಲ್ಲಿದ್ದ ಕಷ್ಟವನ್ನೂ ಆಟಗಾರರು ಅನುಭವಿಸಿದ ಕಷ್ಟವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಹಗುರ ಎಂದು ಕೊಟ್ಟ ದಿನ ಆಟಗಾರರು ಹೇಳಿದ್ದಕ್ಕಿಂತ ಜೋರಾಗಿ ಓಡಿದ್ದರು. ಕಠಿಣ ದಿನ ಹೇಳಿದಷ್ಟು ಏರಲಾಗಿರಲಿಲ್ಲ. ಎಲ್ಲ ದಿನಗಳೂ ನಡುವಿನ ಒಂದೇ ಮಟ್ಟಕ್ಕೆ ಬಂದು ನಿಂತಿದ್ದವು. ಹಗುರ ದಿನವನ್ನು ಹಗುರವಾಗಿ ಇಡುವುದು ಸೋಮಾರಿತನವಲ್ಲ ಎಂದು ಮಕ್ಕಳಿಗೆ ಹೇಳುವ ಧೈರ್ಯ ಕೋಚ್‌ಗೆ ಬೇಕು.

ಮೂಳೆಗೆ ಬೇರೆ ಲೆಕ್ಕ

ಈಗ ವೇಗಿಗಳ ಕಡೆಗೆ ಬರೋಣ. ಬೌಲಿಂಗ್ ಮಾಡುವಾಗ ಎದೆಬಡಿತ ಓಟಗಾರನಷ್ಟು ಹೊತ್ತು ಮೇಲಿರುವುದಿಲ್ಲ. ಅಪಾಯ ಇರುವುದು ಮುಂಗಾಲು ನೆಲಕ್ಕೆ ಬಡಿಯುವ ಕ್ಷಣದಲ್ಲಿ. ದೇಹದ ತೂಕದ ಐದು ಪಟ್ಟಿಗೂ ಮೀರಿದ ಬಲ ಕಾಲಿನಿಂದ ಮೇಲೇರುವ ಅದೇ ಗಳಿಗೆ ಸೊಂಟದ ಬೆನ್ನುಮೂಳೆ ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಗುತ್ತಿರುತ್ತದೆ. ಬಲಗೈ ವೇಗಿಗೆ ಸಾಮಾನ್ಯವಾಗಿ ಎಡಬದಿಯ ಮೂಳೆ ಸೀಳು ಬಿಡುತ್ತದೆ. ಹೃದಯ, ಸ್ನಾಯುಗಳು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರೆ ಮೂಳೆ ತನ್ನ ಸವೆದ ಭಾಗವನ್ನು ತೆಗೆದು ಹೊಸದು ಕಟ್ಟಲು ವಾರಗಳು, ತಿಂಗಳುಗಳು ಬೇಕು. ಬೆಂಗಳೂರಿನ ಪ್ರಸಿದ್ಧ ಕೃಷ್ಣ 2022ರಲ್ಲಿ ಇದೇ ಬಗೆಯ ಸ್ಟ್ರೆಸ್ ಫ್ರ್ಯಾಕ್ಚರ್‌ಗೆ ಒಳಗಾಗಿ ಭಾರತ ತಂಡಕ್ಕೆ ಮರಳಿದ್ದು 2023ರ ಆಗಸ್ಟ್‌ನಲ್ಲಿ. ಓವಲ್ ಗೆಲುವಿನಲ್ಲಿ ಅವರದೂ ಎಂಟು ವಿಕೆಟ್ ಇತ್ತು ಎಂಬುದನ್ನು ಕನ್ನಡಿಗರು ನೆನಪಿಡಬೇಕು.

ಆಸ್ಟ್ರೇಲಿಯದ ಜಾನ್ ಆರ್ಚರ್ಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಒಂದೇ ಪಂದ್ಯದಲ್ಲಿ 50ಕ್ಕೂ ಹೆಚ್ಚು ಓವರ್ ಹಾಕಿದ ವೇಗಿಗಳಿಗೆ ಗಾಯದ ಅಪಾಯ ಏರುವುದು ಆ ಪಂದ್ಯದಲ್ಲಲ್ಲ, ಮುಂದಿನ ಮೂರು ನಾಲ್ಕು ವಾರಗಳಲ್ಲಿ. ಮೆಲ್ಬರ್ನ್‌ನ 53.2 ಓವರ್‌ಗಳನ್ನು ಓದುವಾಗ ಇದು ನೆನಪಾಗದೆ ಇರದು. ಸಿಡ್ನಿಯ ನೋವಿಗೆ ಅದೇ ಕಾರಣ ಎಂದು ಹೊರಗಿನಿಂದ ಯಾರೂ ಸಾಧಿಸಲಾರರು. ಆದರೆ ಇವತ್ತು ನೋವಿಲ್ಲ, ಹಾಗಾಗಿ ಭಾರವೂ ಹೆಚ್ಚಾಗಿಲ್ಲ ಎಂಬ ವಾದ ಅಲ್ಲಿಗೆ ಬಿದ್ದುಹೋಗುತ್ತದೆ.

2014ರಲ್ಲಿ ಬಿಲ್ಲಿ ಹುಲಿನ್, ಟಿಮ್ ಗ್ಯಾಬೆಟ್ ಮತ್ತಿತರರು 28 ವೇಗಿಗಳ ಆರು ವರ್ಷಗಳ ದಾಖಲೆ ಹಿಡಿದು, ಈ ವಾರದ ಭಾರವನ್ನು ಕಳೆದ ನಾಲ್ಕು ವಾರಗಳ ಸರಾಸರಿಯೊಂದಿಗೆ ಹೋಲಿಸಿದರು. ರೂಢಿಯ ಭಾರದ ಎರಡು ಪಟ್ಟು ದಾಟಿದ ವಾರಗಳ ನಂತರ ಗಾಯ ಎದ್ದುಕಾಣುವಷ್ಟು ಹೆಚ್ಚಿತ್ತು. ಅದೇ ಹೊತ್ತಿಗೆ, ತಿಂಗಳುಗಟ್ಟಲೆ ಹೆಚ್ಚು ಎಸೆದು ರೂಢಿಯಾದವರಿಗೆ ಅಪಾಯ ಕಡಿಮೆ ಎಂಬ ಸೂಚನೆಯೂ ಸಿಕ್ಕಿತು. ಸಿರಾಜ್ ಅವರ ಸಹನೆಯನ್ನು ನಾನು ಓದುವುದು ಈ ಬೆಳಕಿನಲ್ಲಿ. ಟ್ವೆಂಟಿ–20ಯಲ್ಲಿ ಒಬ್ಬ ಬೌಲರ್‌ಗೆ ಪಂದ್ಯಕ್ಕೆ 24 ಎಸೆತ. ವಾರಕ್ಕೆ ಎರಡು ಪಂದ್ಯವಾದರೆ 48. ಅಲ್ಲಿಂದ ನೇರವಾಗಿ 35 ಓವರ್‌ಗಳ ಟೆಸ್ಟ್‌ಗೆ ಹೋದರೆ ಐದು ದಿನದಲ್ಲಿ 210 ಎಸೆತ. ಐಪಿಎಲ್ ದಿನಗಳಲ್ಲೇ ನೆಟ್ಸ್‌ನಲ್ಲಿ ಕೆಂಪು ಚೆಂಡು ಹಿಡಿದು ಉದ್ದದ ಸ್ಪೆಲ್ ಹಾಕಿ ರೂಢಿ ಉಳಿಸಿಕೊಳ್ಳದವನ ಮೈಗೆ ಈ ಜಿಗಿತವೇ ಶತ್ರು.

ಈ ವಾರದ ಭಾರಕ್ಕೂ ನಾಲ್ಕು ವಾರಗಳ ಸರಾಸರಿಗೂ ಇರುವ ಅನುಪಾತ ಬೇಗನೆ ಜನಪ್ರಿಯವಾಯಿತು. 0.8ರಿಂದ 1.3ರವರೆಗೆ ಕ್ಷೇಮ, 1.5 ದಾಟಿದರೆ ಅಪಾಯ ಎಂಬ ಗೆರೆಗಳನ್ನು 2016ರ ನಂತರ ಜಗತ್ತಿನ ತಂಡಗಳೆಲ್ಲ ಬಳಸತೊಡಗಿದವು. ಕೆಲವೇ ವರ್ಷಗಳಲ್ಲಿ ಇಂಪೆಲಿಜೆರಿ ಮತ್ತಿತರರು ಅದರ ಬುಡವನ್ನೇ ಪ್ರಶ್ನಿಸಿದರು. ಈ ವಾರದ ಭಾರ ನಾಲ್ಕು ವಾರಗಳ ಸರಾಸರಿಯಲ್ಲೂ ಸೇರಿರುವುದರಿಂದ ಲೆಕ್ಕವೇ ತನ್ನೊಳಗೆ ನಂಟು ಹುಟ್ಟಿಸುತ್ತದೆ. ಗಾಯಕ್ಕೆ ಕಾರಣವನ್ನು ಅದು ತೋರಿಸುವುದಿಲ್ಲ. ಅನುಪಾತ ತಗ್ಗಿಸಿದರೆ ಗಾಯ ತಗ್ಗುತ್ತದೆ ಎಂದು ಸಾಬೀತೂ ಆಗಿಲ್ಲ. ಈ ಟೀಕೆ ಸರಿ ಎಂದೇ ನನಗೆ ತೋರುತ್ತದೆ. ಆದರೆ ಅನುಪಾತ ಬಿದ್ದರೂ, ಭಾರ ಹಠಾತ್ತನೆ ಏರಬಾರದು ಎಂಬ ಕೋಚ್‌ಗಳ ಹಳೆಯ ಎಚ್ಚರ ಬೀಳುವುದಿಲ್ಲ. 1.3ಕ್ಕೂ 1.4ಕ್ಕೂ ನಡುವೆ ಗೋಡೆ ಕಟ್ಟಿ ಆಟಗಾರನನ್ನು ಹೊರಗಿಡುವುದು ತಪ್ಪು, ಲೆಕ್ಕವನ್ನೇ ಇಡದಿರುವುದು ಅದಕ್ಕಿಂತ ದೊಡ್ಡ ತಪ್ಪು.

ಬುಮ್ರಾ, ಸಿರಾಜ್ ಅವರ ಒಂದೊಂದು ಎಸೆತವನ್ನು ಎಣಿಸಲು ಜನರಿದ್ದಾರೆ. ಬೆಂಗಳೂರಿನ ಹೊರವಲಯದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ತೆರೆದ ಬಿಸಿಸಿಐ ಸೆಂಟರ್ ಆಫ್ ಎಕ್ಸಲೆನ್ಸ್‌ನಲ್ಲಿ ಅವರಿಗೆ ಫಿಸಿಯೊಗಳು, ಉಪಕರಣಗಳು ಎಲ್ಲ ಇವೆ. ನನ್ನ ಚಿಂತೆ ಹದಿನೈದರ ವೇಗಿಯದು. ಸೊಂಟದ ಮೂಳೆ ಇನ್ನೂ ಗಟ್ಟಿಯಾಗುತ್ತಿರುವ, ಸ್ಟ್ರೆಸ್ ಫ್ರ್ಯಾಕ್ಚರ್ ಅತಿ ಹೆಚ್ಚು ಕಾಡುವ ವಯಸ್ಸು ಅದು. ಶನಿವಾರ ಶಾಲಾ ತಂಡಕ್ಕೆ ಹತ್ತು ಓವರ್, ಭಾನುವಾರ ಕ್ಲಬ್ಬಿಗೆ ಎಂಟು, ವಾರದ ನಡುವೆ ಕೋಚಿಂಗ್ ಸೆಂಟರಿನ ನೆಟ್ಸ್‌ನಲ್ಲಿ ಬ್ಯಾಟರ್‌ಗಳು ದಣಿಯುವವರೆಗೆ ಬೌಲಿಂಗ್, ನಡುವೆ ವಲಯ ಮಟ್ಟದ ಆಯ್ಕೆ. ಮೂವರು ಕೋಚ್‌ಗಳೂ ತಮ್ಮ ತಮ್ಮ ಓವರ್‌ಗಳನ್ನಷ್ಟೇ ನೋಡುತ್ತಾರೆ, ಕೂಡಿಸುವವರು ಯಾರೂ ಇಲ್ಲ. ಇಂಗ್ಲೆಂಡಿನಲ್ಲಿ ಕಿರಿಯ ವೇಗಿಗಳಿಗೆ ಸ್ಪೆಲ್ಲಿಗೆ ಇಷ್ಟು, ದಿನಕ್ಕೆ ಇಷ್ಟು ಎಂದು ವಯಸ್ಸಿಗೆ ತಕ್ಕ ಮಿತಿ ಲಿಖಿತವಾಗಿದೆ.

ನಮ್ಮಲ್ಲಿ ಈ ಲೆಕ್ಕಗಳನ್ನೆಲ್ಲ ಕೂಡಿಸಲು ಬೇಕಾದದ್ದು ಒಂದು ನೋಟ್‌ಪುಸ್ತಕ ಮತ್ತು ಎರಡು ಕಲಂ. ಒಂದರಲ್ಲಿ ಆ ದಿನ ಹಾಕಿದ ಎಸೆತ, ನೆಟ್ಸ್‌ನವೂ ಸೇರಿ. ಇನ್ನೊಂದರಲ್ಲಿ ಅರ್ಧ ಗಂಟೆಯ ನಂತರ ಕೇಳಿ ಬರೆದ ಕಷ್ಟದ ಅಂಕ ಮತ್ತು ಅದನ್ನು ನಿಮಿಷಗಳಿಂದ ಗುಣಿಸಿದ ಮೊತ್ತ. ಎಲ್ಲರೆದುರು ಕೇಳಿದರೆ ಕಿರಿಯರು ಹಿರಿಯರ ಉತ್ತರವನ್ನೇ ಹೇಳಿಬಿಡುತ್ತಾರೆ. ಒಬ್ಬೊಬ್ಬರನ್ನೇ ಕರೆದು ಕೇಳಬೇಕು. ಎಂಟು ಎಂದವನನ್ನು ತಂಡದಿಂದ ತೆಗೆಯುತ್ತಾರೆ ಎಂಬ ಭಯ ಹುಟ್ಟಿದರೆ ಮರುದಿನದಿಂದ ಎಲ್ಲರದೂ ಐದೇ ಆಗುತ್ತದೆ, ಹಾಗಾಗಿ ಆ ಉತ್ತರವನ್ನು ಆಯ್ಕೆಗೆ ಬಳಸಕೂಡದು. ಎಸೆತ ಅಷ್ಟೇ ಇದ್ದು ಕಷ್ಟದ ಅಂಕ ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದೇ ಸುಳಿವು. ಅಂದು ನೆಟ್ಸ್ ಬಿಡಿಸಿ, ಬೆನ್ನಿನ ಒಂದೇ ಬದಿ ನೋಯುತ್ತಿದೆಯೇ ಎಂದು ಕೇಳಿ, ಹೌದೆಂದರೆ ವೈದ್ಯರ ಬಳಿ ಕಳಿಸಬೇಕು. ಮೂರೂ ಕಡೆಗೆ ಓಡಾಡುವುದು ಆ ಹುಡುಗ ಅಥವಾ ಹುಡುಗಿ ಮಾತ್ರ. ಆದ್ದರಿಂದ ಪುಸ್ತಕ ಅವರ ಕಿಟ್ ಬ್ಯಾಗಿನಲ್ಲೇ ಇರಲಿ. ವಾರಕ್ಕೊಮ್ಮೆ ಮೂವರು ಕೋಚ್‌ಗಳೂ ಒಟ್ಟು ಮೊತ್ತ ನೋಡಿ ಸಹಿ ಹಾಕಬೇಕೆಂದು ಶಾಲೆಗಳು, ಕ್ಲಬ್ಬುಗಳು ಒಪ್ಪಿಕೊಂಡರೆ ಮುಂದಿನ ಋತುವಿನ ಮೊದಲ ಅಭ್ಯಾಸದಿಂದಲೇ ಇದನ್ನು ಶುರು ಮಾಡಬಹುದು.